ಕೇಳಿ ತಿಳಿದು ಬರೆದಿಟ್ಟ ವೈದ್ಯ: ಸರ್ ವೈಟ್‌ಲಾ ಐನ್ಸ್ಲಿ

ಕಳೆದ ಮಳೆಗಾಲದಲ್ಲಿ ಒಂದು ದಿನ ಎಂಟನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ನಾವು ಶಾಲೆಯ ಹಿಂದಿನ ತೋಡಿನ ಬದಿಗೆ ಹೋಗಿದ್ದೆವು. ಅಲ್ಲಿ ನೆಲಕ್ಕೆ ಅಂಟಿಕೊಂಡು ಹಬ್ಬಿದ್ದ ಒಂದೆಲಗವನ್ನು ತೋರಿಸಿ, ಇದೇನೆಂದು ಕೇಳಿದೆವು. ತುಳು ಮನೆಮಾತಿನ ಹುಡುಗಿಯೊಬ್ಬಳು ತಿಮರೆ ಎಂದಳು. ಮಲಯಾಳ ಮನೆಮಾತಿನ ಹುಡುಗನೊಬ್ಬ ಮುತ್ತಿಳ್ ಎಂದ. ಉಳಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಅದೇ ಎಲೆಯ ತಂಬುಳಿ ಉಂಡು ಬೆಳೆದ ಮನೆಗಳ ಮಕ್ಕಳೇ ಅವರಲ್ಲಿ ಹೆಚ್ಚಿನವರು. ಊಟದ ಎಲೆಯಲ್ಲಿ ಗುರುತಿದ್ದುದು ನೆಲದ ಮೇಲೆ ಗುರುತಿಲ್ಲದೆ ಹೋಗಿತ್ತು.

ಆ ಸಂಜೆ ನಮಗೆ ನೆನಪಾದವರು ಇನ್ನೂರು ವರ್ಷಗಳ ಹಿಂದಿನ ಒಬ್ಬ ಪರದೇಶಿ ವೈದ್ಯರು. ಅವರ ಗ್ರಂಥದಲ್ಲಿ ಇದೇ ಒಂದೆಲಗ ವಲ್ಲಾರೈ ಎಂಬ ತಮಿಳು ಹೆಸರಿನಲ್ಲಿ ಬರುತ್ತದೆ. ಎಲೆಯನ್ನು ಬಾಡಿಸಿ, ಮೆಂತೆ ಸೇರಿಸಿ ತೆಗೆದ ಕಷಾಯವನ್ನು ಮಕ್ಕಳ ಹೊಟ್ಟೆ ತೊಂದರೆಗೂ ಜ್ವರಕ್ಕೂ ಕೊಡುತ್ತಾರೆಂದು ಅವರು ಬರೆದಿದ್ದಾರೆ. ನಮ್ಮ ಅಜ್ಜಿಯಂದಿರಿಗೆ ತಿಳಿದಿದ್ದ ಸಂಗತಿಯನ್ನು ಸ್ಕಾಟ್ಲೆಂಡಿನಿಂದ ಬಂದ ವೈದ್ಯರೊಬ್ಬರು ಕೇಳಿ ತಿಳಿದು ಅಚ್ಚು ಹಾಕಿಸಿದ್ದರು. ಅವರೇ ಸರ್ ವೈಟ್‌ಲಾ ಐನ್ಸ್ಲಿ. ಭಾರತದ ಔಷಧ ದ್ರವ್ಯಗಳ ಕುರಿತು ಇಂಗ್ಲಿಷಿನಲ್ಲಿ ಮೊದಲಿಗೆ ವಿಸ್ತಾರವಾಗಿ ಬರೆದವರೆಂದು ಅವರ ಹೆಸರು ಪ್ರಸಿದ್ಧವಾಗಿದೆ.

ಐನ್ಸ್ಲಿಯವರು 1767ರಲ್ಲಿ ಸ್ಕಾಟ್ಲೆಂಡಿನ ಡನ್ಸ್ ಎಂಬ ಊರಿನಲ್ಲಿ ಜನಿಸಿದರು. 1788ರಲ್ಲಿ, ತಮ್ಮ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಈಸ್ಟ್ ಇಂಡಿಯಾ ಕಂಪೆನಿಯ ಮದರಾಸು ಸೇವೆಗೆ ಸಹಾಯಕ ಶಸ್ತ್ರವೈದ್ಯರಾಗಿ ಸೇರಿದರು. ಮೊದಲು ಚೆಂಗಲ್ಪಟ್ಟಿನ ದಂಡಿನ ವೈದ್ಯರಾದರು. 1794ರಲ್ಲಿ ಪೂರ್ಣ ಶಸ್ತ್ರವೈದ್ಯರ ಪದವಿಗೆ ಏರಿದರು. 1810ರಲ್ಲಿ ಮದರಾಸು ಸೇನೆಯ ದಕ್ಷಿಣ ವಿಭಾಗಕ್ಕೆ ಮೇಲ್ವಿಚಾರಕ ವೈದ್ಯರಾದರು. 1815ರಲ್ಲಿ ಸೇವೆಯಿಂದ ನಿವೃತ್ತರಾಗುವ ತನಕ ಅವರು ದುಡಿದದ್ದು ಒಟ್ಟು ಇಪ್ಪತ್ತೇಳು ವರ್ಷ.

ಅವರು ಬಂದಿಳಿದ ಕಾಲ ಎಂತಹದೆಂಬುದನ್ನು ವಾಚಕರು ಸ್ವಲ್ಪ ನೆನಪಿಸಿಕೊಳ್ಳಬೇಕು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನು ಆಳುತ್ತಿದ್ದನು. ಇಂದು ತಮಿಳುನಾಡಿನಲ್ಲಿರುವ ದಿಂಡಿಗಲ್ಲು ಅಂದು ಮೈಸೂರಿನ ಕೈಯಲ್ಲಿತ್ತು. ಟಿಪ್ಪುವಿನ ತಂದೆ ಹೈದರಾಲಿ 1755ರಲ್ಲಿ ಫೌಜುದಾರನಾಗಿ ಹೋಗಿ ತನ್ನ ಬಲವನ್ನು ಬೆಳೆಸಿಕೊಂಡದ್ದು ಅದೇ ದಿಂಡಿಗಲ್ಲಿನ ಬಂಡೆಕೋಟೆಯಲ್ಲಿ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ದಿಂಡಿಗಲ್ಲೂ ಮಲಬಾರೂ ಒಟ್ಟಿಗೇ ಕಂಪೆನಿಗೆ ಹೋದವು. 1799ರಲ್ಲಿ ಟಿಪ್ಪುವಿನ ಪತನದ ಬಳಿಕ ನಮ್ಮ ಕನ್ನಡ ಜಿಲ್ಲೆಯೂ ಅದೇ ದಾರಿ ಹಿಡಿಯಿತು. ಹೀಗೆ ದಿಂಡಿಗಲ್ಲು ಮತ್ತು ಕಾಸರಗೋಡು ಬಹುಕಾಲ ಒಂದೇ ಮದರಾಸಿನ ಆಡಳಿತದಲ್ಲಿದ್ದವು. ನಾವು ಅದರಿಂದ ಬೇರೆಯಾದದ್ದು 1956ರಲ್ಲಿ. ಇನ್ನೊಂದು ನಂಟೂ ಇದೆ. ದಿಂಡಿಗಲ್ಲಿನ ನೈರುತ್ಯಕ್ಕೆ, ಇಂದಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ, ಕಾಪಿಲಿಯರ್ ಮತ್ತು ಅನುಪ್ಪರ್ ಎಂಬ ಕನ್ನಡ ಮನೆಮಾತಿನ ಒಕ್ಕಲು ಜನ ತಲೆತಲಾಂತರದಿಂದ ನೆಲಸಿದ್ದಾರೆ. ಶಾಲೆಯಲ್ಲೂ ಸಂತೆಯಲ್ಲೂ ತಮಿಳು, ಮನೆಯೊಳಗೆ ಕನ್ನಡ. ಇಂತಹ ಬಾಳು ಹೇಗಿರುತ್ತದೆಂದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

ಕಂಪೆನಿಯ ವೈದ್ಯರಿಗೆ ಅಂದು ಇದ್ದ ದೊಡ್ಡ ಕಷ್ಟ ಮದ್ದಿನದು. ಮದ್ದು ಬರಬೇಕಾದುದು ಹಡಗಿನಲ್ಲಿ, ಆಫ್ರಿಕದ ತುದಿಯನ್ನು ಸುತ್ತಿ, ತಿಂಗಳುಗಟ್ಟಲೆ ಪಯಣಿಸಿ. ಬರುವಷ್ಟರಲ್ಲಿ ಕೆಲವು ಕೆಡುತ್ತಿದ್ದವು, ಕೆಲವು ತೀರಿಹೋದಾಗ ಮುಂದಿನ ಹಡಗಿಗೆ ಕಾಯಬೇಕಿತ್ತು. ಆದರೆ ಅದೇ ಊರಿನ ಪೇಟೆಯಲ್ಲಿ ಬೇರು, ತೊಗಟೆ, ಬೀಜಗಳ ಅಂಗಡಿ ಇರುತ್ತಿತ್ತು. ಅಂಗಡಿಯವನಿಗೆ ಅವುಗಳ ಹೆಸರು ಗೊತ್ತು, ಹಳ್ಳಿಯ ವೈದ್ಯನಿಗೆ ಗುಣ ಗೊತ್ತು. ಹೊಸದಾಗಿ ಬಂದ ಬಿಳಿಯ ವೈದ್ಯನಿಗೆ ಎರಡೂ ಗೊತ್ತಿರಲಿಲ್ಲ.

ಈ ಗೋಡೆಯನ್ನು ದಾಟಿದವರಲ್ಲಿ ಐನ್ಸ್ಲಿಯವರಿಗಿಂತ ಹಿರಿಯರಾದ ಡಾಕ್ಟರ್ ಜೇಮ್ಸ್ ಆಂಡರ್ಸನ್ ಒಬ್ಬರು. ಮದರಾಸಿನ ಮುಖ್ಯ ವೈದ್ಯಾಧಿಕಾರಿಯಾಗಿದ್ದ ಇವರು ಹಿಂದೊಮ್ಮೆ ಸೇನೆಯ ಶಿಬಿರದಲ್ಲಿದ್ದಾಗ ಅಲ್ಲಿ ರಕ್ತಭೇದಿ ಹಬ್ಬಿತು. ಅದಕ್ಕೆ ಕೊಡುತ್ತಿದ್ದ ಇಪಿಕಾಕ್ ಎಂಬ ದಕ್ಷಿಣ ಅಮೆರಿಕದ ಬೇರು ಪೂರ್ಣವಾಗಿ ಮುಗಿದುಹೋಗಿತ್ತು. ದೇಶೀ ವೈದ್ಯರು ಮಾತ್ರ ಆಡುಮುಟ್ಟದ ಬಳ್ಳಿಯ ಬೇರನ್ನು ಕೊಟ್ಟು ತಮಗಿಂತ ಹೆಚ್ಚು ಜನರನ್ನು ಗುಣಪಡಿಸುತ್ತಿದ್ದುದನ್ನು ಆಂಡರ್ಸನ್ನರು ಕಂಡರು. ಅವರಿಂದ ಪಾಠ ಹೇಳಿಸಿಕೊಳ್ಳಲು ಅವರು ನಾಚಲಿಲ್ಲ. ಬೇರನ್ನು ಸಂಗ್ರಹಿಸಿ ಮದರಾಸಿಗೂ ಕಳುಹಿಸಿಕೊಟ್ಟರು. 1780ರಿಂದ 1783ರ ಯುದ್ಧದಲ್ಲಿ ಹೈದರನ ಸೆರೆಯಲ್ಲಿದ್ದ ಯುರೋಪಿಯನ್ನರಿಗೂ ಇದೇ ಬೇರು ಒದಗಿತೆಂದು ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗರು ಬರೆದಿಟ್ಟಿದ್ದಾರೆ. ಐನ್ಸ್ಲಿಯವರು ಬೆಳೆದದ್ದು ಈ ಪರಂಪರೆಯಲ್ಲಿ.

ಅವರ ಬಾಳಿನ ಅತ್ಯಂತ ಕಠಿನ ಪರೀಕ್ಷೆ ದಿಂಡಿಗಲ್ಲಿನ ಸೀಮೆಯಿಂದ ಬಂತು. 1809, 1810, 1811ನೆಯ ಇಸವಿಗಳಲ್ಲಿ ಕೊಯಮತ್ತೂರು, ಮಧುರೆ, ದಿಂಡಿಗಲ್ಲು, ತಿರುನೆಲ್ವೇಲಿ ಈ ನಾಲ್ಕು ಪ್ರಾಂತಗಳಲ್ಲಿ ಘೋರವಾದ ಜ್ವರ ಹಬ್ಬಿತು. ಇಂದಿನ ತಿಳುವಳಿಕೆಯಂತೆ ನೋಡಿದರೆ ಅದು ಚಳಿಯಿಟ್ಟು ಬಿಟ್ಟುಬಿಟ್ಟು ಬರುವ ಮಲೇರಿಯಾ. ದಿಂಡಿಗಲ್ಲಿನ ಸುತ್ತಿನ ನೆಲವೇ ಅದಕ್ಕೆ ಅನುಕೂಲವಾಗಿತ್ತು. ಒಂದು ಕಡೆ ಸಿರುಮಲೈ, ಇನ್ನೊಂದು ಕಡೆ ಪಳನಿ ಬೆಟ್ಟಗಳು, ಬೆಟ್ಟದ ಬುಡದಲ್ಲಿ ಕಾಡು, ಕೆಳಗೆ ಕೆರೆ ಗದ್ದೆಗಳು. ಮದರಾಸು ಸರಕಾರವು ಕಾರಣ ಹುಡುಕಲು ಒಂದು ಸಮಿತಿಯನ್ನು ನೇಮಿಸಿತು. ಐನ್ಸ್ಲಿಯವರು ಅದರ ಅಧ್ಯಕ್ಷರು. ಸ್ಮಿತ್ ಮತ್ತು ಕ್ರಿಸ್ಟಿ ಎಂಬವರು ಸದಸ್ಯರು. ಅವರ ವರದಿ 1816ರಲ್ಲಿ ಲಂಡನಿನಲ್ಲಿ ಅಚ್ಚಾಯಿತು. ವೈದ್ಯ, ಭೂಗೋಲ ಮತ್ತು ಕೃಷಿ, ಈ ಮೂರೂ ಅದರ ತಲೆಬರಹದಲ್ಲೇ ಇವೆ. ರೋಗವನ್ನು ತಿಳಿಯಲು ರೋಗಿಯ ನಾಡಿ ಹಿಡಿದರೆ ಸಾಲದು, ಅವನ ನೆಲ, ನೀರು, ಬೆಳೆಗಳನ್ನೂ ನೋಡಬೇಕೆಂಬ ವಿವೇಕ ಆ ಹೆಸರಿನಲ್ಲೇ ಕಾಣುತ್ತದೆ.

ಆದರೆ ನಿಜವಾದ ಅಪರಾಧಿ ಅವರಿಗೆ ಸಿಕ್ಕಲಿಲ್ಲ. ಜೌಗು ನೆಲದಿಂದ, ಕೊಳೆತ ಎಲೆಗಳಿಂದ ಏಳುವ ಕೆಟ್ಟ ಗಾಳಿಯೇ ಇಂತಹ ಜ್ವರಕ್ಕೆ ಮೂಲವೆಂದು ಆ ಕಾಲದ ವೈದ್ಯಶಾಸ್ತ್ರವೆಲ್ಲ ನಂಬಿತ್ತು. ಸೊಳ್ಳೆಯ ಹೊಟ್ಟೆಯಲ್ಲಿ ರೋಗದ ಜೀವಿಯನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ, ಐನ್ಸ್ಲಿಯವರು ತೀರಿಹೋಗಿ ಅರುವತ್ತು ವರ್ಷಗಳಾದ ಮೇಲೆ. ಮದ್ದಾದರೋ ದಕ್ಷಿಣ ಅಮೆರಿಕದ ಸಿಂಕೋನಾ ತೊಗಟೆಯೊಂದೇ. ಅದರಿಂದ ಕ್ವಿನೈನನ್ನು ಬೇರ್ಪಡಿಸುವ ಉಪಾಯ 1820ರ ತನಕ ತಿಳಿದಿರಲಿಲ್ಲ, ಸಿಂಕೋನಾ ಗಿಡ ನೀಲಗಿರಿಗೆ ಬಂದದ್ದು 1860ರ ಹೊತ್ತಿಗೆ. ದಿಂಡಿಗಲ್ಲಿನ ಒಕ್ಕಲುಮಗನ ಗುಡಿಸಲಿಗೆ ಈ ದುಬಾರಿ ತೊಗಟೆ ತಲುಪುವ ಮಾತೆಲ್ಲಿ? ಅವನ ಕೈಗೆ ಎಟಕುವಂತಿದ್ದುದು ಅಂಗಳದ ಬೇವಿನ ತೊಗಟೆ, ಬೇಲಿಯ ಗಜ್ಜುಗದ ಬೀಜ, ಊರ ವೈದ್ಯನ ಕಷಾಯ.

1813ರಲ್ಲಿ ಮದರಾಸಿನ ಸರಕಾರಿ ಮುದ್ರಣಾಲಯದಿಂದ ಐನ್ಸ್ಲಿಯವರ ಮೊದಲ ದೊಡ್ಡ ಗ್ರಂಥ ಹೊರಬಂತು. ಹಿಂದುಸ್ತಾನದ ಔಷಧ ದ್ರವ್ಯಗಳ ಜೊತೆಗೆ ಕುಶಲಕರ್ಮಿಗಳೂ ರೈತರೂ ಬಳಸುವ ವಸ್ತುಗಳ ಹೆಸರುಗಳೂ ಅದರಲ್ಲಿದ್ದುವು. ದೂರದ ಠಾಣೆಗಳಲ್ಲಿರುವ ವೈದ್ಯನು ಪೇಟೆಗೆ ಹೋದಾಗ ಏನನ್ನು, ಯಾವ ಹೆಸರಿನಿಂದ ಕೇಳಬೇಕೆಂಬುದು ತಿಳಿಯಬೇಕು, ಇದೇ ಅದರ ಉದ್ದೇಶ. ನಿವೃತ್ತರಾಗಿ ಸ್ವದೇಶಕ್ಕೆ ಹೋದ ಮೇಲೂ ಅವರು ಅದನ್ನು ಬಿಡಲಿಲ್ಲ. ತಿದ್ದಿ, ಬೆಳೆಸಿ, 1826ರಲ್ಲಿ ಮೆಟೀರಿಯಾ ಇಂಡಿಕಾ ಎಂಬ ಹೆಸರಿನಲ್ಲಿ ಎರಡು ಸಂಪುಟಗಳಾಗಿ ಲಂಡನಿನಲ್ಲಿ ಪ್ರಕಟಿಸಿದರು.

ಆ ಗ್ರಂಥದ ರಚನೆಯಲ್ಲೇ ಒಂದು ಸ್ವಾರಸ್ಯವಿದೆ. ಯುರೋಪಿನ ವೈದ್ಯರೂ ಬಳಸುವ ದ್ರವ್ಯಗಳು ಮೊದಲ ಸಂಪುಟದಲ್ಲಿ ಇಂಗ್ಲಿಷ್ ಹೆಸರಿನ ಅನುಕ್ರಮದಲ್ಲಿ ಬರುತ್ತವೆ. ಈ ದೇಶದವರು ಮಾತ್ರ ಬಳಸುವ ದ್ರವ್ಯಗಳು ಎರಡನೆಯ ಸಂಪುಟದಲ್ಲಿ ತಮಿಳು ಹೆಸರಿನ ಅನುಕ್ರಮದಲ್ಲಿವೆ. ಜೊತೆಗೆ ತೆಲುಗು, ದಖ್ಖಣಿ, ಸಂಸ್ಕೃತ ಮೊದಲಾದ ಹೆಸರುಗಳು. ಲ್ಯಾಟಿನ್ ಸಸ್ಯನಾಮಗಳಿಗೆ ರಾಟ್ಲರ್ ಎಂಬ ಪಾದ್ರಿಗಳ ಬರಹಗಳ ಸಹಾಯವನ್ನು ಪಡೆದರು. ಅಗಸ್ತ್ಯರ ಹೆಸರಿನಲ್ಲಿ ಪ್ರಚಲಿತವಿದ್ದ ತಮಿಳು ವೈದ್ಯಗ್ರಂಥಗಳ ಪಟ್ಟಿಯನ್ನೂ ಸೇರಿಸಿದರು. ಲಂಡನಿನ ಓದುಗನು ಕುಪ್ಪಿಗಿಡವನ್ನು ಹುಡುಕಬೇಕಾದರೆ ಕುಪ್ಪೈಮೇನಿ ಎಂಬ ತಮಿಳು ಮಾತನ್ನು ತಿಳಿದಿರಬೇಕು! ಗಿಡದ ಹೆಸರು ಅದನ್ನು ಬಲ್ಲವರ ಬಾಯಲ್ಲಿದೆ, ಆ ಬಾಯಿಂದಲೇ ಕೇಳಬೇಕೆಂಬುದನ್ನು ಅವರು ಅರಿತಿದ್ದರು.

ಅದರಲ್ಲಿ ಬರುವ ಗಿಡಗಳು ನಮ್ಮ ಹಿತ್ತಲಿನವೇ. ಕುಪ್ಪಿಗಿಡದ ಬೇರನ್ನು ಜಜ್ಜಿ ಬಿಸಿನೀರಿನಲ್ಲಿ ಹಾಕಿ ಭೇದಿಯಾಗಲು ಕೊಡುತ್ತಾರೆ. ಸೊಗದೆ ಬೇರನ್ನು, ಅಂದರೆ ನನ್ನಾರಿಯನ್ನು, ಪುಡಿಮಾಡಿ ಹಸುವಿನ ಹಾಲಿನಲ್ಲಿ ಮೂತ್ರದ ಕಲ್ಲಿಗೂ ಉರಿಮೂತ್ರಕ್ಕೂ ಕೊಡುತ್ತಾರೆ. ಗಜ್ಜುಗದ ಬೀಜದ ತಿರುಳನ್ನು ಸಾಂಬಾರ ಸಾಮಗ್ರಿಗಳ ಜೊತೆ ಪುಡಿಮಾಡಿ ಬಿಟ್ಟುಬಿಟ್ಟು ಬರುವ ಜ್ವರಕ್ಕೆ ಬಳಸುತ್ತಾರೆ. ಹೀಗೆ ಒಂದೊಂದಕ್ಕೂ ಕೆಲವು ಸಾಲು. ಅದ್ಭುತ ಕಥೆಗಳಿಲ್ಲ. ಯಾರು, ಯಾವ ಭಾಗವನ್ನು, ಹೇಗೆ, ಯಾವುದಕ್ಕೆ ಎಂಬಿಷ್ಟೇ.

ಐನ್ಸ್ಲಿಯವರನ್ನು ಹೊಗಳುವಾಗ ಅವರ ಕೊರತೆಯನ್ನೂ ಹೇಳದಿದ್ದರೆ ಅದು ಚರಿತ್ರೆಯಾಗದು. ಅವರು ಆಳುವವರ ಸೇನೆಯ ವೈದ್ಯರು. ಭಾರತೀಯ ವೈದ್ಯವು ದೇವದತ್ತವೆಂಬ ನಂಬಿಕೆಗೆ ಕಟ್ಟುಬಿದ್ದು ಮುಂದುವರಿಯಲಿಲ್ಲವೆಂಬುದು ಅವರ ಅಭಿಪ್ರಾಯವಾಗಿತ್ತು. ಅದಕ್ಕಿಂತಲೂ ನಮ್ಮ ಮನಸ್ಸಿಗೆ ನೋವಾಗುವುದು ಬೇರೊಂದು. ಅವರಿಗೆ ಗಿಡ ತೋರಿಸಿದವರು, ಗುಣ ಹೇಳಿದವರು, ಗ್ರಂಥದ ಉದ್ದಕ್ಕೂ ವೈದ್ಯರು ಎಂಬ ಒಂದೇ ಪದದೊಳಗೆ ಅಡಗಿದ್ದಾರೆ. ಇದಕ್ಕಿಂತ ನೂರೈವತ್ತು ವರ್ಷ ಮೊದಲೇ ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿ ವಾನ್ ರೀಡ್ ಎಂಬವರು ಮಲಬಾರಿನ ಗಿಡಗಳ ಮಹಾಗ್ರಂಥವನ್ನು ಮಾಡಿಸಿದಾಗ, ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರ ಹೆಸರೂ, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರ ಹೆಸರೂ ಅವರವರ ಭಾಷೆಯ ಹೇಳಿಕೆಗಳೊಡನೆ 1678ರ ಮೊದಲ ಸಂಪುಟದಲ್ಲಿ ಅಚ್ಚಾಗಿದ್ದುವು. ಐನ್ಸ್ಲಿಯವರಿಗೆ ಆ ಗ್ರಂಥ ಗೊತ್ತಿತ್ತು. ಗಿಡದ ಹೆಸರನ್ನು ಉಳಿಸಿದವರು ಗಿಡ ತೋರಿಸಿದವನ ಹೆಸರನ್ನೂ ಉಳಿಸಿದ್ದರೆ, ಇಂದು ತಮಿಳುನಾಡಿನ ಎಷ್ಟೋ ಮನೆಗಳವರು ತಮ್ಮ ಹಿರಿಯರನ್ನು ಗುರುತಿಸಬಹುದಿತ್ತು.

ಎರಡನೆಯ ಕೊರತೆ ಇನ್ನೂ ಮುಖ್ಯವಾದುದು. ಅವರು ಬರೆದಿಟ್ಟುದರಲ್ಲಿ ಹೆಚ್ಚಿನದು ಕೇಳಿದ ಮಾತು, ಪರೀಕ್ಷಿಸಿದ ಮಾತಲ್ಲ. ಗುಣವಾಯಿತೆಂದು ಹೇಳುವುದು ಬೇರೆ, ಮದ್ದಿನಿಂದಲೇ ಗುಣವಾಯಿತೆಂದು ತೋರಿಸುವುದು ಬೇರೆ. ಕುಪ್ಪಿಗಿಡವನ್ನೇ ತೆಗೆದುಕೊಳ್ಳೋಣ. ಹುಟ್ಟಿನಿಂದ ರಕ್ತದಲ್ಲಿ ಒಂದು ಕಿಣ್ವದ ಕೊರತೆಯಿರುವವರು ಅದನ್ನು ಸೇವಿಸಿದರೆ ರಕ್ತಕಣಗಳು ಒಡೆದು ಪ್ರಾಣಕ್ಕೇ ಅಪಾಯವಾಗಬಹುದೆಂದು ಈಚಿನ ವೈದ್ಯರು ಕಂಡುಕೊಂಡಿದ್ದಾರೆ. ಆಡುಮುಟ್ಟದ ಬಳ್ಳಿಯನ್ನು 1960ರ ದಶಕದ ಕೊನೆಯಲ್ಲಿ ದೆಹಲಿಯಲ್ಲಿ ಉಬ್ಬಸದ ರೋಗಿಗಳಿಗೆ ಕೊಟ್ಟು ನೋಡಿದಾಗ ಮೊದಲು ಆಶೆ ಮೂಡಿತು. ಆಮೇಲಿನ ಪರೀಕ್ಷೆಗಳಲ್ಲಿ ಫಲ ಒಂದೇ ತೆರನಾಗಿರಲಿಲ್ಲ. ಆದುದರಿಂದ ಹಳೆಯ ಗ್ರಂಥದಲ್ಲಿದೆಯೆಂದು, ಅಜ್ಜಿ ಹೇಳಿದ್ದರೆಂದು ಕಣ್ಣುಮುಚ್ಚಿ ಕುಡಿಯುವುದು ಸಲ್ಲದು.

ಹಾಗಾದರೆ ಬರೆದಿಟ್ಟ ಮಾತಿಗೆ ಬೆಲೆಯಿಲ್ಲವೇ? ಇದೆ. ಬರೆದಿಟ್ಟರೆ ತಾನೇ ಮುಂದಿನವರು ಪರೀಕ್ಷಿಸುವುದು. ಐನ್ಸ್ಲಿಯವರ ಬಳಿಕ ಬಂದ 1868ರ ಭಾರತೀಯ ಔಷಧಕೋಶ, ಡೈಮಾಕರ ಗ್ರಂಥ, ನಾಡಕರ್ಣಿಯವರ ಗ್ರಂಥ, 1933ರಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅವರು ಪ್ರಕಟಿಸಿದ ದೇಶೀ ಔಷಧಗಳ ಸಂಶೋಧನೆ, ಎಲ್ಲವೂ ಈ ದಾರಿಯಲ್ಲೇ ನಡೆದವು. ಚೀನದಲ್ಲಿಯೂ ಹೀಗೆಯೇ ಆಯಿತು. ತೂ ಯೂಯೂ ಎಂಬ ಮಹಿಳೆ 1970ರ ದಶಕದ ಆರಂಭದಲ್ಲಿ ಮಲೇರಿಯಾಕ್ಕೆ ಮದ್ದು ಹುಡುಕುತ್ತಿದ್ದಾಗ, ನಾಲ್ಕನೆಯ ಶತಮಾನದ ಒಂದು ವೈದ್ಯಗ್ರಂಥದಲ್ಲಿ ಒಂದು ಸೊಪ್ಪನ್ನು ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯಬೇಕೆಂಬ ಮಾತು ಕಣ್ಣಿಗೆ ಬಿತ್ತು. ಕುದಿಸಬೇಕೆಂದು ಅದರಲ್ಲಿರಲಿಲ್ಲ. ಕಾಯಿಸಿದರೆ ಸತ್ವ ನಾಶವಾಗುತ್ತಿರಬಹುದೆಂದು ಊಹಿಸಿ, ಕಡಿಮೆ ಕಾವಿನಲ್ಲಿ ಸಾರ ತೆಗೆದು, ಮೊದಲು ಪ್ರಾಣಿಗಳಲ್ಲಿ, ಬಳಿಕ ತಮ್ಮ ಮೇಲೆಯೇ ಪ್ರಯೋಗಿಸಿ, ಕೊನೆಗೆ ರೋಗಿಗಳಿಗೆ ಕೊಟ್ಟು ನೋಡಿದರು. ಅದರಿಂದ ಆರ್ಟಿಮಿಸಿನಿನ್ ಎಂಬ ಮದ್ದು ದೊರೆತು ಲಕ್ಷಾಂತರ ಜೀವಗಳು ಉಳಿದವು. 2015ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ದಿಂಡಿಗಲ್ಲಿನಲ್ಲಿ ಐನ್ಸ್ಲಿಯವರನ್ನು ಕಾಡಿದ ಅದೇ ಜಾತಿಯ ಜ್ವರಕ್ಕೆ ಹಳೆಯ ಗ್ರಂಥದ ಒಂದು ಸಾಲು ಮದ್ದಿನ ದಾರಿ ತೋರಿಸಿತು. ಆದರೆ ಸಾಲೇ ಮದ್ದಾಗಲಿಲ್ಲ, ಸಾಲನ್ನು ಹಿಡಿದು ನಡೆಸಿದ ಪರೀಕ್ಷೆ ಮದ್ದಾಯಿತು.

ನಿವೃತ್ತಿಯ ಬಳಿಕ ಐನ್ಸ್ಲಿಯವರು ಸುಮ್ಮನೆ ಕೂರಲಿಲ್ಲ. ಭಾರತದ ವಾಂತಿಭೇದಿಯ ಕುರಿತು 1825ರಲ್ಲಿ ಒಂದು ಪುಸ್ತಕ ಬರೆದರು. ಕುಷ್ಠ ಮತ್ತು ಸಿಡುಬುಗಳ ಕುರಿತು ಪ್ರಬಂಧಗಳನ್ನು ಬರೆದರು. ನಾಟಕ ರಚನೆಯ ಹವ್ಯಾಸವೂ ಇತ್ತು. 1835ರಲ್ಲಿ ಸರ್ ಪದವಿ ದೊರೆಯಿತು. 1837ರಲ್ಲಿ, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ, ತೀರಿಕೊಂಡರು. ಮರುವರ್ಷ ಸಸ್ಯಶಾಸ್ತ್ರಜ್ಞರು ಏಷ್ಯಾದ ಕಾಡುಗಳಲ್ಲಿ ಬೆಳೆಯುವ ಒಂದು ಸಸ್ಯಕುಲಕ್ಕೆ ಐನ್ಸ್ಲಿಯಾ ಎಂದು ಹೆಸರಿಟ್ಟರು. ಊರೂರಿನ ಗಿಡಗಳ ಹೆಸರನ್ನು ಕೂಡಿಸಿಟ್ಟವರ ಹೆಸರು ಹೀಗೆ ಗಿಡದಲ್ಲೇ ಉಳಿಯಿತು.

ಇಂದು ದಿಂಡಿಗಲ್ಲಿನ ಒಡ್ಡನ್‌ಚತ್ರದ ಕಡೆಯ ರೈತರು ಅಗ್ನಿಶಿಖೆಯ ಬಳ್ಳಿಯನ್ನು ಕಂಬಿಗೆ ಹಬ್ಬಿಸಿ ಬೆಳೆಯುತ್ತಾರೆ. ಅದರ ಬೀಜದಿಂದ ಕಾಲ್ಚಿಸಿನ್ ಎಂಬ, ಸಂಧಿವಾತದ ಒಂದು ಬಗೆಗೆ ಕೊಡುವ ಮದ್ದು ತಯಾರಾಗುತ್ತದೆ. ಬೀಜ ಪರದೇಶಗಳಿಗೂ ಹೋಗುತ್ತದೆ. ಅದೇ ಗಿಡದ ಗಡ್ಡೆ ತಿಂದವರು ಸಾಯುವುದೂ ಉಂಟು. ಮದ್ದಿಗೂ ವಿಷಕ್ಕೂ ನಡುವಿನ ಅಂತರ ಅಳತೆಯಲ್ಲಿದೆ. ಆ ಅಳತೆ ಗೊತ್ತಾಗುವುದು ಪ್ರ್ರಯೋಗಶಾಲೆಯಲ್ಲಿ. ಆದರೆ ಯಾವ ಗಿಡವನ್ನು ಪ್ರಯೋಗಶಾಲೆಗೆ ಕೊಂಡೊಯ್ಯಬೇಕೆಂದು ಹೇಳಬೇಕಾದವರು ಹಳ್ಳಿಯವರು.

ನಮ್ಮ ಗಡಿನಾಡಿನಲ್ಲಿ ಒಂದೊಂದು ಗಿಡಕ್ಕೂ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ ಹೀಗೆ ನಾಲ್ಕೈದು ಹೆಸರು. ಇದನ್ನು ತೊಡಕೆಂದು ತಿಳಿಯುವವರಿದ್ದಾರೆ. ನಾವು ಸಂಪತ್ತೆಂದು ತಿಳಿಯುತ್ತೇವೆ. ಪ್ರತಿ ಹೆಸರಿನ ಹಿಂದೆ ಒಂದು ಮನೆತನದ ಅನುಭವವಿದೆ. ಹೆಸರು ಮರೆತ ದಿನ ಆ ಅನುಭವವೂ ಹೋಯಿತು. ಆ ಮಳೆಗಾಲದ ಬಳಿಕ ನಾವು ನಮ್ಮ ಮಕ್ಕಳಿಗೆ ಒಂದು ಕೆಲಸ ಕೊಟ್ಟೆವು. ನೂರು ಪುಟದ ಒಂದು ನೋಟುಪುಸ್ತಕ. ಪುಟಕ್ಕೊಂದು ಗಿಡ. ಮನೆಯಲ್ಲಿ ಆಡುವ ಹೆಸರು, ನೆರೆಮನೆಯವರ ಹೆಸರು, ಯಾವ ಭಾಗ, ಯಾವುದಕ್ಕೆ. ಕೊನೆಯ ಸಾಲಿನಲ್ಲಿ ಐನ್ಸ್ಲಿಯವರು ಬಿಟ್ಟುಬಿಟ್ಟದ್ದು: ಹೇಳಿದವರ ಹೆಸರು ಮತ್ತು ಊರು. ಮದ್ದು ಮಾಡಿ ಕುಡಿಯಬಾರದು, ಬರೆಯುವುದಷ್ಟೇ ಎಂದು ಮೊದಲ ಪುಟದಲ್ಲೇ ಬರೆಸಿದ್ದೇವೆ.

ಈ ತನಕ ಮೂವತ್ತೊಂದು ಪುಟ ತುಂಬಿವೆ. ಮೊದಲ ಪುಟದಲ್ಲಿರುವುದು ಒಂದೆಲಗ. ಹೇಳಿದವರ ಹೆಸರಿನ ಜಾಗದಲ್ಲಿ, ಅಂದು ತೋಡಿನ ಬದಿಯಲ್ಲಿ ಸುಮ್ಮನಿದ್ದ ಒಬ್ಬ ಹುಡುಗ ತನ್ನ ಅಜ್ಜಿಯ ಹೆಸರನ್ನು ದಪ್ಪಕ್ಷರದಲ್ಲಿ ಬರೆದಿದ್ದಾನೆ.